ದರ್ಜಿ ಅಕ್ಕ ಉಳಿಸಿಟ್ಟ ಮಾತ್ರೆಗಳು

ಆ ಓಣಿಯಲ್ಲಿ ಯಾರಿಗೆ ಜ್ವರ ಬರಲಿ, ಗಂಟಲು ಕೆರೆಯಲಿ, ಮೊದಲು ತಟ್ಟುತ್ತಿದ್ದದ್ದು ದರ್ಜಿ ಅಕ್ಕನ ಬಾಗಿಲು. ಅಕ್ಕ ಒಂದು ಗೇಣು ಬಟ್ಟೆ ಉಳಿದರೂ ಎಸೆಯುವವಳಲ್ಲ. ಜೇಬಿಗೋ ಕಾಲರಿಗೋ ಆದೀತೆಂದು ಎತ್ತಿಡುವಳು. ಮಾತ್ರೆಗೂ ಅದೇ ಪದ್ಧತಿ. ಡಾಕ್ಟರು ಏಳು ದಿನಕ್ಕೆ ಬರೆದರೆ ಮೂರು ದಿನ ನುಂಗಿಸುವುದು, ಜ್ವರ ಬಿಟ್ಟಿತೋ, ಉಳಿದದ್ದು ಗುಂಡಿಯ ಡಬ್ಬಿಗೆ. ಕೇಳಿದವರಿಗೆ ಅದರಿಂದಲೇ ಎರಡೆರಡು ಹಂಚುವುದು. ಅಕ್ಕನ ಕೈಗುಣ ಬಲು ಚೆನ್ನ ಎಂದು ಓಣಿಯವರು ಹೊಗಳಿದರೆ ಅವಳು ಉಬ್ಬಿಹೋಗುತ್ತಿದ್ದಳು.

ಅವಳ ತಂಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆಯೇ ಅವಳ ಸಂಶೋಧನೆ. ಬಂದಾಗಲೆಲ್ಲ ಹೇಳುತ್ತಿದ್ದಳು, "ಅಕ್ಕಾ, ಆ್ಯಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸ್ಬೇಡ. ಇನ್ನೊಬ್ರಿಗೆ ಕೊಡ್ಲೂಬೇಡ."

"ಹೋಗೇ, ಕಣ್ಣಿಗೆ ಕಾಣದ ಹುಳಕ್ಕೆ ಹೆದರಿ ಒಳ್ಳೇ ಮಾತ್ರೆ ಚೆಲ್ಲಲಾ? ನಿನ್ನ ವಿದ್ಯೆ ನಿನ್ನ ಗಾಜಿನ ತಟ್ಟೆಗೇ ಇರ್ಲಿ!"

ತಂಗಿ ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಜಗಳ ಆಡಿಯಾದರೂ ಅವಳು ನನ್ನ ಬಾಯಿ ಮುಚ್ಚಿಸಬೇಕಿತ್ತು ಎಂದು ಅಕ್ಕನಿಗೆ ಈಗ ಅನಿಸುತ್ತದೆ.

ಅಕ್ಕನ ಗಂಡ ವೆಲ್ಡಿಂಗ್ ಕೆಲಸದವನು, ಜೊತೆಗೆ ಸಕ್ಕರೆ ಕಾಯಿಲೆ. ಒಂದು ದಿನ ಕಾದ ಕಬ್ಬಿಣದ ಚೂರು ಬಿದ್ದು ಪಾದ ಸುಟ್ಟು, ಗಾಯ ಕೀವಾಯಿತು. ಡಾಕ್ಟರು ಏಳು ದಿನಕ್ಕೆ ಕೊಟ್ಟ ಮಾತ್ರೆಗೆ ನಾಲ್ಕೇ ದಿನದಲ್ಲಿ ಕೆಂಪು ಇಳಿಯಿತು.

"ಇನ್ನು ಸಾಕು ಬಿಡ್ರೀ, ಮೈಗೆ ಉಷ್ಣ" ಎಂದು ಅಕ್ಕ ಉಳಿದದ್ದನ್ನು ಎತ್ತಿಟ್ಟಳು.

ಹದಿನೈದು ದಿನಕ್ಕೆ ಗಾಯ ಮತ್ತೆ ಒಸರಿತು. ಡಬ್ಬಿಯಿಂದ ಎರಡು ಮಾತ್ರೆ. ತಿಂಗಳು ಬಿಟ್ಟು ಇನ್ನೆರಡು, ಅದೂ ಪಕ್ಕದ ಇಸ್ತ್ರಿಯವಳು ಹಲ್ಲುನೋವಿಗೆ ತಂದು ಉಳಿಸಿ ಕೊಟ್ಟಿದ್ದ ಬೇರೆ ಬಣ್ಣದ್ದು. ಗಂಡ ಹೆಂಡತಿಯ ಕೈಗುಣ ನಂಬಿ ಕಣ್ಣು ಮುಚ್ಚಿ ನುಂಗಿದ.

ಬೆರಳುಗಳು ಕಪ್ಪಿಟ್ಟ ಮೇಲೆ ಆಸ್ಪತ್ರೆಗೆ ಓಡಿದರು. ಕೀವು ಪರೀಕ್ಷೆಗೆ ಹೋದದ್ದು ತಂಗಿಯ ಪ್ರಯೋಗಾಲಯಕ್ಕೇ. ಎರಡು ದಿನದ ಮೇಲೆ ಅವಳು ಅಕ್ಕನನ್ನು ಕರೆದು ಗಾಜಿನ ತಟ್ಟೆ ತೋರಿಸಿದಳು.

"ಭಾವನ ಗಾಯದಲ್ಲಿದ್ದ ಬ್ಯಾಕ್ಟೀರಿಯಾನ ಇದರಲ್ಲಿ ಬೆಳೆಸಿದ್ದೀವಿ. ಈ ಆರು ಕಾಗದದ ಬಿಲ್ಲೇಲಿ ಆರು ಥರದ ಔಷಧ ಇದೆ. ಔಷಧ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಖಾಲಿ ಜಾಗ ಬೀಳುತ್ತೆ."

ಅಕ್ಕ ಬಗ್ಗಿ ನೋಡಿದಳು. ಐದು ಬಿಲ್ಲೆಗಳಿಗೆ ಒತ್ತಿಕೊಂಡೇ ಬ್ಯಾಕ್ಟೀರಿಯಾ ಹಬ್ಬಿತ್ತು. ಒಂದರ ಸುತ್ತ ಮಾತ್ರ ಖಾಲಿ ಉಂಗುರ ಇತ್ತು.

"ಮಾತ್ರೆ ನುಂಗಿದಾಗ ಕೆಂಪು ಇಳೀತಲ್ಲೇ?"

"ಈ ಬ್ಯಾಕ್ಟೀರಿಯಾದಲ್ಲಿ ಬಡಪಾಯಿಗಳು ಸತ್ತೋದ್ವು, ಇಳೀತು. ಇವು ಒಂಟಿಯಾಗಿರಲ್ಲ ಅಕ್ಕಾ. ಗುಂಪು ಕಟ್ಟಿ, ಮೇಲೆ ಲೋಳೆ ಹೊದ್ಕೊಂಡು ಗಾಯದಲ್ಲೇ ಬಿಡಾರ ಹೂಡ್ತವೆ. ಒಳಗಿರೋವಕ್ಕೆ ಔಷಧ ಸರಿಯಾಗಿ ತಾಗಲ್ಲ. ನೀನು ಎರಡೆರಡು ಕೊಟ್ಟಾಗೆಲ್ಲ ಗಟ್ಟಿಯವು ಉಳ್ಕೊಂಡು ಹೆಚ್ಚಾದ್ವು. ಔಷಧ ತಡ್ಕೊಳ್ಳೋ ಗುಟ್ಟನ್ನ ಅಕ್ಕಪಕ್ಕದವಕ್ಕೂ ದಾಟಿಸ್ತವೆ."

"ನಮ್ಮ ಓಣಿಯವರ ಹಾಗೇ ಹಂಚ್ಕೊಂಡು ಬಾಳ್ತವೆ ಅನ್ನು" ಎಂದಳು ಅಕ್ಕ. ಇಬ್ಬರಿಗೂ ನಗು ಬರಲಿಲ್ಲ.

ಮಿಕ್ಕ ಆ ಒಂದು ಔಷಧವನ್ನು ಡ್ರಿಪ್ಪಿನಲ್ಲಿ ಏರಿಸಿದರು. ಜೀವ ಉಳಿಯಿತು. ಬಲಗಾಲಿನ ಅರ್ಧ ಪಾದ ಹೋಯಿತು.

ಮನೆಗೆ ಬಂದ ವಾರಕ್ಕೆ ಇಸ್ತ್ರಿಯವಳು ಬಂದಳು. "ಅಕ್ಕಾ, ಮಗಳಿಗೆ ನೆಗಡಿ. ಎರಡು ಮಾತ್ರೆ ಕೊಡು."

ಅಕ್ಕ ಬಾಯಿ ತೆರೆಯುವ ಮೊದಲೇ ಗಂಡ ಹೊದಿಕೆ ಸರಿಸಿ ಕಾಲು ತೋರಿಸಿದ. "ಡಾಕ್ಟರಿಗೆ ತೋರ್ಸಮ್ಮ. ನಮ್ಮನೇಲಿ ಆ ದಾನ ನಿಂತುಹೋಯ್ತು."

ಅವಳು ಹೋದ ಮೇಲೆ ಅಕ್ಕ ತಂಗಿಗೆ ಫೋನು ಮಾಡಿದಳು. "ಆವತ್ತೇ ಏಳೂ ದಿನ ನುಂಗಿಸಿದ್ರೆ ಇವರ ಕಾಲು ಉಳೀತಿತ್ತೇನೇ?"

"ಖಂಡಿತ ಅಂತ ಹೇಳೋಕಾಗಲ್ಲ ಅಕ್ಕಾ. ಉಳಿಯೋ ಸಾಧ್ಯತೆ ಜಾಸ್ತಿ ಇತ್ತು."

ಆ ಮಾತು ಅಕ್ಕನ ಎದೆಯಿಂದ ಇಳಿದಿಲ್ಲ. ಇಳಿಯುವುದೂ ಇಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರು ಬರೆದುಕೊಟ್ಟರೆ ಮಾತ್ರ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಿ. ಹೇಳಿದಷ್ಟು ದಿನ ನುಂಗಿ. ಗುಣವಾಯಿತು ಅನಿಸಿದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ನೆಗಡಿಗೆ ಅದು ಕೆಲಸಕ್ಕೆ ಬಾರದು. ಮನೆಯಲ್ಲಿ ಉಳಿದದ್ದನ್ನು ಎಷ್ಟೇ ಪ್ರೀತಿ ಇದ್ದರೂ ಇನ್ನೊಬ್ಬರ ಕೈಗೆ ಇಡಬೇಡಿ. ದರ್ಜಿ ಅಕ್ಕ ಗಂಡನಿಗೆ ಕೊಟ್ಟಿದ್ದೂ ಪ್ರೀತಿಯಿಂದಲೇ.