ಕ್ಯಾಮೆರಾಕ್ಕೆ ಹಚ್ಚಿದ ವಿಭೂತಿ

"ಕ್ಯಾಮೆರಾಕ್ಕ ಇಬೂತಿ ಬಡಿದಾಂವನ್ನ ನಾ ಇವತ್ತ ನೋಡಿದ್ದು," ಎಂದ ಮನೋಹರ್. ಕಾರಿನ ಪಕ್ಕದ ಕನ್ನಡಿಯ ಕೆಳಗೆ ಬೆರಳಾಡಿಸಿ, ಅಂಟಿದ ಬಿಳಿ ಪುಡಿಯನ್ನು ಡ್ರೈವರ್ ಯಲ್ಲೇಶನ ಮೂಗಿನ ಮುಂದೆ ಹಿಡಿದ. "ನೀನಾಗೇ ಹಚ್ಚೀಯೋ, ಯಾರರ ಹೇಳಿ ಹಚ್ಚಿಸ್ಯಾರೋ?"

"ಅಮಾಸಿ ಪೂಜೀದು ಸಾವ್ಕಾರ್ರ. ಮೂರು ದಿನ ಆತು."

"ಅಮಾಸಿಗೆ ಗಾಲಿಗೆ ಹಚ್ತಾರ, ಸ್ಟೇರಿಂಗಿಗೆ ಹಚ್ತಾರ. ಕ್ಯಾಮೆರಾಕ್ಕ ಹಚ್ತಾರೇನಲೇ?"

ನಡುಮಧ್ಯಾಹ್ನದ ಬಿಸಿಲು. ಹಂಪಿಯ ಹೊರಗೆ, ಬಾಳೆತೋಟ ಕಡಿದು ಮಾಡಿದ ಪಾರ್ಕಿಂಗ್ ಬಯಲು ಅದು. ಮೂರು ಕಡೆ ಇನ್ನೂ ಬಾಳೆಯೇ ಬೇಲಿ. ಇಪ್ಪತ್ತು ದಿನದ ಹಿಂದಷ್ಟೇ ತಂದ ಕಾರಿನ ಎಡಗಡೆಯ ಹಿಂದಿನ ಗಾಜು ಪುಡಿಯಾಗಿ ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದಂತೆ ಬಿದ್ದಿತ್ತು. ಮುಂದಿನ ಸೀಟಿನ ಕೆಳಗೆ ತುರುಕಿಟ್ಟಿದ್ದ ಬ್ಯಾಗು ಇರಲಿಲ್ಲ.

ಬ್ಯಾಗಿನಲ್ಲಿದ್ದದ್ದು ಬಂಗಾರ. ಮನೋಹರ್ ಕಂಪ್ಲಿಯ ಅಕ್ಕಿ ಗಿರಣಿಯವನು. ಸಂಡೂರಿನಲ್ಲಿ ಸಂಜೆ ಬೀಗರ ಕಡೆಯ ಮದುವೆ ಊಟ. ಹೋಗುವ ದಾರಿಯಲ್ಲಿ ವಿರೂಪಾಕ್ಷನಿಗೆ ಕೈ ಮುಗಿದು ಹೋಗೋಣ ಎಂದು ಅವನ ತಾಯಿ ನೀಲಗಂಗಮ್ಮ ಹಟ ಹಿಡಿದಿದ್ದರು. ಬಿಸಿಲಲ್ಲಿ, ಜನಜಂಗುಳಿಯಲ್ಲಿ ಮೈತುಂಬ ಒಡವೆ ಯಾಕೆ ಎಂದು ಹೆಂಡತಿ ಪೂಜಿತಾ ಪಾಟ್ಲಿ, ಬಿಲ್ವಾರ, ಅತ್ತೆಯ ಬೋರಮಾಳ ಎಲ್ಲ ಬ್ಯಾಗಿಗೆ ಹಾಕಿ, ಸೀಟಿನ ಕೆಳಗೆ ತಳ್ಳಿ ಇಳಿದುಹೋಗಿದ್ದಳು. ಈಗ ಅವಳು ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಅಳು ಬಂದಿರಲಿಲ್ಲ, ಬಿಕ್ಕಳಿಕೆ ಮಾತ್ರ ಬರುತ್ತಿತ್ತು.

"ಹೇಳಲೇ," ಎಂದ ಮನೋಹರ್.

"ಜಗತ್ತನ್ನೆಲ್ಲ ನೋಡ್ತದಲ್ರಿ ಅದು," ಎಂದ ಯಲ್ಲೇಶ, ಕಷ್ಟಪಟ್ಟು. "ನೋಡೋದಕ್ಕ ದೃಷ್ಟಿ ಜಲ್ದಿ ತಾಕತದ ಅಂತ... ಸಣ್ಣಗ ಒಂದೊಂದು ಗೆರಿ ಎಳದೆ. ನಾಕೂ ಕಡೆ."

ಅದು ಸುಳ್ಳಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಗಾಡಿ ತೊಳೆದು, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಅವನೇ ಬಳಿದಿದ್ದ. ಆರು ವರ್ಷದಿಂದ ಆ ಮನೆಯ ಗಾಡಿಗಳಿಗೆ ಅಮಾಸಿ ಪೂಜೆ ಅವನದೇ. ಹಳೆಯ ಗಾಡಿಗೆ ಕ್ಯಾಮೆರಾ ಇರಲಿಲ್ಲ, ಅಷ್ಟೇ. ಈ ಹೊಸದಕ್ಕೆ ಮುಂದೆ ಒಂದು, ಹಿಂದೆ ಒಂದು, ಎರಡೂ ಕನ್ನಡಿಗಳ ಕೆಳಗೆ ಒಂದೊಂದು. ಗಾಡಿ ನಿಂತಾಗಲೂ ಅವು ನೋಡುತ್ತಿರುತ್ತವೆ, ಯಾರು ಮುಟ್ಟಿದರೂ ಹಿಡಿದಿಡುತ್ತವೆ ಎಂದು ಮನೋಹರ್ ಗಿರಣಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಅವನ ಫೋನಿನಲ್ಲಿ ಕಾಣುತ್ತಿದ್ದದ್ದು ಹಾಲಿನಂಥ ಬಿಳಿ, ಅದರೊಳಗೆ ಒಂದು ಕಪ್ಪು ನೆರಳು ಆಚೆಯಿಂದ ಈಚೆಗೆ.

"ಮತ್ತ ಹಿಂದಿಂದು ಸ್ವಚ್ಛ ಐತಲ್ಲೋ? ಬಾಳಿಗಿಡ ಎಲಿ ಎಣಿಸೋ ಹಂಗ ಕಾಣ್ತದ."

ಯಲ್ಲೇಶ ಹಿಂದಿನ ಕ್ಯಾಮೆರಾದ ಕಡೆ ನೋಡಿದ. "ರಿವರ್ಸ್ ತಗೊಳ್ಳಾಕ ಕಾಣಲಿಲ್ರಿ. ಅದಕ್ಕ... ಅದೊಂದನ್ನ ಒರಸಿದೆ."

ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನು ಏನು ಹೇಳಿದೆ ಎಂದು. ವಿಭೂತಿ ಹಚ್ಚಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಉಳಿದ ಮೂರನ್ನು ಹಾಗೇ ಬಿಟ್ಟಿದ್ದ. ಹಿಂಭಾಗವನ್ನು ಬಾಳೆ ಬೇಲಿಗೆ ಮಾಡಿ ನಿಲ್ಲಿಸಿದವನೂ ಅವನೇ, ನೆರಳಿಗೆಂದು. ಪೂಜೆ ಮಾಡಿದ್ದನ್ನು ತಿಂಗಳು ತುಂಬುವ ಮೊದಲು ಒರೆಸಬಾರದು ಎಂಬ ಭಯ ಬಿಟ್ಟರೆ ಬೇರೆ ಯಾವ ಕಾರಣವೂ ಇರಲಿಲ್ಲ. ಆ ಭಯವನ್ನು ಪೊಲೀಸರು ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ?

ಅವನ ಸೋದರಮಾವ ಗಾಳೆಪ್ಪ ಕುರೆಕುಪ್ಪದ ಕಡೆ ಒಂದು ಲಾರಿ ಯಾರ್ಡಿನಲ್ಲಿ ವಾಚ್‌ಮನ್ ಆಗಿದ್ದ. ಡೀಸೆಲ್ ಕಳುವಾಯಿತೆಂದು ವಿಚಾರಣೆಗೆ ಕರೆದೊಯ್ದರು, ಮೂರನೇ ದಿನ ಬಿಟ್ಟರು. ಮುಂದಿನ ತಿಂಗಳು ಕಳ್ಳ ಸಿಕ್ಕಿಯೂ ಬಿದ್ದ. ಆದರೂ ಇವತ್ತಿಗೂ ಯಾವ ಊಟದ ಪಂಕ್ತಿಗೆ ಹೋದರೂ, "ಡೀಸೆಲ್ ಗಾಳೆಪ್ಪ ಬಂದ್ನಪ್ಪ, ಎಲಿ ಹಾಕ್ರಿ" ಎಂದು ಯಾರಾದರೂ ನಗುತ್ತಾರೆ. ಮಾವನೂ ನಗುತ್ತಾನೆ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಏಳುತ್ತಾನೆ. ಯಲ್ಲೇಶನ ಮಗಳು ಸುಷ್ಮಿತಾ ಈಗ ಒಂಬತ್ತನೇ ಕ್ಲಾಸು. ಅವಳನ್ನು ಶಾಲೆಯಲ್ಲಿ ಏನೆಂದು ಕರೆದಾರು? ಡ್ರೈವರನಿಗೆ ಹೆಸರೊಂದೇ ಲೈಸೆನ್ಸು. ಅದು ಕೆಟ್ಟರೆ ಕಂಪ್ಲಿಯಿಂದ ಹೊಸಪೇಟೆ ತನಕ ಯಾರೂ ಕೀಲಿ ಕೈಗೆ ಕೊಡುವುದಿಲ್ಲ.

"ಮನೋಹರಾ, ಅಂವ ನನ್ನ ಕೂಡ ಇದ್ದ," ಎಂದರು ನೀಲಗಂಗಮ್ಮ. ಟೋಕನ್ ಹರಿಯುವ ಟೇಬಲ್ಲಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಮಂಡಿ ನೀವಿಕೊಳ್ಳುತ್ತ ಕುಳಿತಿದ್ದರು. "ಕಾಲು ಹಿಡಕೊಂಡಾವ ಬಾರೋ ಅಂತ ನಾನ ಫೋನ್ ಮಾಡಿ ಕರಿಸೀನಿ. ಗುಡಿಯಿಂದ ಇಲ್ಲೀತನ ಅವನ ಹೆಗಲು ಹಿಡಕೊಂಡ ಬಂದೀನಿ."

"ಅವ್ವಾ, ಕೈ ಹಾಕಿದಾಂವ ಇವನ ಅಂತ ನಾ ಅನ್ನಲಿಲ್ಲ. ಹೇಳಿಕೊಟ್ಟಾಂವ ಯಾರು? ಸೀದಾ ಸೀಟಿನ ಕೆಳಗ ಕೈ ಹಾಕ್ಯಾರ. ನಿನ್ನ ಸೀರಿ ಚೀಲ ಮ್ಯಾಲೇ ಐತಿ, ಮುಟ್ಟಿಲ್ಲ."

ಮನೋಹರ್ ಟೋಕನ್ ಟೇಬಲ್ಲಿನ ಕಡೆ ತಿರುಗಿದ. ಅಲ್ಲಿ ಜಂಬಕ್ಕ ಕುಳಿತಿದ್ದಳು; ಕಮಲಾಪುರದವಳು, ಅರವತ್ತರ ಹತ್ತಿರದ ಹೆಂಗಸು, ಬಯಲಿಗೆ ಬರುವ ಗಾಡಿಗಳಿಗೆ ಟೋಕನ್ ಕೊಡುವವಳು.

"ನೀವೇನರ ನೋಡಿದ್ರೇನು?"

"ನಂಗೇನೂ ಗೊತ್ತಿಲ್ಲಪ್ಪ," ಎಂದಳು ಜಂಬಕ್ಕ, ಟೋಕನ್ ಪುಸ್ತಕವನ್ನೇ ನೋಡುತ್ತ. "ಗಾಡಿ ಒದರಿದ್ದು ಕೇಳಿದೆ. ಈಗಿನ ಗಾಡಿ ಮ್ಯಾಲೆ ಗುಬ್ಬಿ ಕುಂತರೂ ಒದರ್ತಾವ. ಯಾರು ಎದ್ದು ನೋಡ್ತಾರ?"

ಮನೋಹರ್ ಮತ್ತೆ ಫೋನಿಗೆ ಬಗ್ಗಿದ. ಎರಡು ಸಲ ಒತ್ತಿದ, ಕಿವಿಗೆ ಹಿಡಿದ. ಅವನ ಹುಬ್ಬು ಮೇಲೇರಿತು.

"ಪೂಜಿ, ಇಲ್ಲಿ ಬಾ. ಚಿತ್ರ ಹೋದ್ರ ಹೋತು, ಸೌಂಡ್ ಐತಿ. ಗಾಡಿ ಒಳಗಿಂದು ಮಾತು ಎಲ್ಲಾ ಐತಿ."

ಇವರೆಲ್ಲ ಗುಡಿಗೆ ಹೋದ ಮೇಲೆ ಯಲ್ಲೇಶ ಕಾರಿನೊಳಗೆ ಕುಳಿತು ಹೆಂಡತಿ ರೇಣುಕಮ್ಮನ ಜೊತೆ ಮಾತಾಡಿದ್ದ. ಅವಳು ಬಂಡ್ರಿಯ ತವರಿನಲ್ಲಿದ್ದಳು. ಅಲ್ಲಿ ಸಿಗ್ನಲ್ ಸರಿ ಇಲ್ಲ, ಕೂಗದಿದ್ದರೆ ಕೇಳುವುದಿಲ್ಲ. ಸೆಖೆಗೆಂದು ಗಾಜನ್ನೂ ಇಳಿಸಿಕೊಂಡಿದ್ದ. ಏನೇನು ಹೇಳಿದ್ದ? ಒಂದೊಂದೇ ಮಾತು ನೆನಪಾಗತೊಡಗಿತು.

"ಸಾವ್ಕಾರ್ರ, ಅದನ್ನ ಹಚ್ಚೋಕಿಂತ ಮೊದ್ಲ ನಾನ ಒಂದು ಮಾತು..."

"ಸುಮ್ನಿರು."

ಫೋನಿನಿಂದ ಅವನದೇ ದನಿ ಬಂತು. ಇಷ್ಟು ದೊಡ್ಡ ದನಿ ತನ್ನದು ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಹಲೋ... ಕೇಳ್ತೈತೇನು? ಇಲ್ಲೇ ಹಂಪ್ಯಾಗ ಅದೀನಿ. ಊಟಾನಾ? ಎಲ್ಲಿ ಊಟ ಹಚ್ಚೀಯವ್ವ, ಗಾಡಿ ಬಿಟ್ಟು ಏಳೋ ಹಂಗಿಲ್ಲ. ಬಂಗಾರ ಐತಿ, ಬಂಗಾರ! ಸಣ್ಣ ಅಕ್ಕಾರ ಬ್ಯಾಗು, ಮುಂದಿನ ಸೀಟಿನ ಕೆಳಗ ಇಟ್ಟು ಹೋಗ್ಯಾರ. ನನ್ನ ಮ್ಯಾಲೆ ಅಷ್ಟು ನಂಬಿಕಿ..."

ಪೂಜಿತಾಳ ಬಿಕ್ಕಳಿಕೆ ನಿಂತಿತು. ಫೋನು ಮುಂದುವರಿಯಿತು: ನೀಲಗಂಗಮ್ಮನ ಕರೆ, "ಬಂದೆ ಅಮ್ಮಾರ" ಎಂಬ ಅವನ ಉತ್ತರ, ಗಾಜು ಏರಿದ ಸದ್ದು, ಬಾಗಿಲು ಮುಚ್ಚಿದ ಸದ್ದು. ಆಮೇಲೆ ಏನೂ ಇಲ್ಲ. ಎಲ್ಲೋ ಒಂದು ಕಾಗೆ. ಮನೋಹರ್ ಬೆರಳಿನಿಂದ ಮುಂದಕ್ಕೆ ಸರಿಸಿದ. ಟಕ್ ಎಂದಿತು. ಗಾಜು ಸುರಿದ ಸದ್ದು. ಹಾರನ್ನಿನ ಕಿರುಚಾಟ. ಅದರ ನಡುವೆ ಒಬ್ಬ ಗಂಡಸಿನ ದನಿ, ಅವಸರದ್ದು:

"ಮ್ಯಾಲೆ ಏನ್ ಹುಡುಕ್ತಿಯೋ, ಕೆಳಗ ನೋಡು. ಡ್ರೈವರ್ ಹೇಳಿದ್ನಲ್ಲ, ಸೀಟಿನ ಕೆಳಗ!"

ಮನೋಹರ್ ಫೋನು ಆರಿಸಿದ. ಮುಖ ಕೆಂಪಾಗಿರಲಿಲ್ಲ, ಬಿಳಿಚಿಕೊಂಡಿತ್ತು. ಅದನ್ನು ನೋಡಿ ಯಲ್ಲೇಶನಿಗೆ ಇನ್ನೂ ಹೆದರಿಕೆಯಾಯಿತು. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದ.

"ಡ್ರೈವರ್ ಹೇಳಿದ್ನಲ್ಲ," ಎಂದ ಮನೋಹರ್, ಮೆಲ್ಲಗೆ. "ಆರು ವರ್ಷ, ಯಲ್ಲೇಶ."

"ನನ್ನ ಮಗಳ ಮ್ಯಾಲೆ ಆಣಿ ರೀ. ಅವರು ಯಾರು ಅಂತ ನಂಗ ಗೊತ್ತಿಲ್ಲ. ನಾ ಹೇಳಿದ್ದು ನನ್ನ ಹೆಂಡ್ತಿಗೆ..."

"ಅದನ್ನ ಠಾಣ್ಯಾಗ ಹೇಳು. ನಾ ಇದನ್ನ ಕೇಳಸ್ತೀನಿ, ನೀ ಅದನ್ನ ಹೇಳು. ಅವರು ಯಾವುದನ್ನ ನಂಬ್ತಾರೋ ನೋಡೋಣಂತ."

ಯಲ್ಲೇಶ ಬಾನೆಟ್ಟಿನ ಮೇಲೆ ಕೈ ಊರಿದ, ಕಾದ ತಗಡು ಸುಟ್ಟಿತು, ಕೈ ತೆಗೆಯಲಿಲ್ಲ. ಆ ದನಿಯನ್ನು ಕೇಳಿದ ಯಾವ ಮನುಷ್ಯ ತಾನೇ ತನ್ನನ್ನು ನಂಬುತ್ತಾನೆ? ತಾನೇ ಠಾಣೆಯ ಕುರ್ಚಿಯಲ್ಲಿ ಕುಳಿತಿದ್ದರೂ ನಂಬುತ್ತಿರಲಿಲ್ಲ.

"ಏ ಅಪ್ಪಾ," ಎಂದಳು ಜಂಬಕ್ಕ.

ಎಲ್ಲರೂ ತಿರುಗಿದರು. ಅವಳು ಟೋಕನ್ ಪುಸ್ತಕ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡಿದ್ದಳು.

"ಅಂವ ಹೇಳಿದ್ದು ನಾನೂ ಕೇಳೀನಿ. ಬ್ಯಾಗು, ಬಂಗಾರ, ಸೀಟಿನ ಕೆಳಗ, ಎಲ್ಲಾ. ಇಲ್ಲಿ ಕುಂತ ನಂಗ ಕೇಳೇತಿ ಅಂದ್ರ ಇಡೀ ಬಯಲಿಗೆ ಕೇಳೇತಿ. ಡಂಗುರ ಹೊಡದಂಗ ಮಾತಾಡ್ತಾನ, ಹೆಂಡ್ತಿ ಕಿವುಡಿ ಅದಾಳೋ ಏನೋ ಅಂದ್ಕೊಂಡೆ."

"ಮತ್ತ ಆಗಳೇ ಏನೂ ಗೊತ್ತಿಲ್ಲ ಅಂದ್ರಿ?"

"ಅಂದೆ." ಜಂಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಬ್ರು ಬಂದಿದ್ರು, ಬೈಕ್ ಮ್ಯಾಲೆ. ಅವನ ಕಾರಿನ ಬಾಜೂನೇ ನಿಂತಿದ್ರು. ಟೋಕನ್ ಬ್ಯಾಡ ಅಕ್ಕಾ, ಒಂದೀಟು ನೆಳ್ಳಿಗೆ ನಿಂದರ್ತೀವಿ ಅಂದ್ರು. ಬಿಸಿಲಾಗ ಬಂದಾರ, ಪಾಪ ಅಂತ ಬಿಟ್ಟೆ. ಟೋಕನ್ ಇಲ್ದ ಯಾರನ್ನೂ ಒಳಗ ಬಿಡಬ್ಯಾಡ ಅಂತ ಗುತ್ತಿಗಿಯಾಂವ ನಂಗ ನೂರು ಸಲ ಹೇಳ್ಯಾನ. ಅವನಿಗೆ ಗೊತ್ತಾದ್ರ ನಾಳಿಂದ ನಂಗ ಈ ಕುರ್ಚಿ ಇಲ್ಲ. ಅದಕ್ಕ ಸುಮ್ನಿದ್ದೆ."

"ಅವರ ಮುಖ ನೆನಪೈತೇನು?"

"ಒಬ್ಬಾಂವ ಕುಂಟತಿದ್ದ. ಇನ್ನೊಬ್ಬಾಂವ ನನ್ನ ಕೊಡದಾಗಿನ ನೀರು ಕುಡದ, ಥ್ಯಾಂಕ್ಸ್ ಅಂದ. ಭಾಡ್ಯಾ."

ಮನೋಹರ್ ಯಲ್ಲೇಶನನ್ನು ನೋಡಿದ, ಜಂಬಕ್ಕನನ್ನು ನೋಡಿದ. ಅನುಮಾನ ಮುಖದಿಂದ ಪೂರ್ತಿ ಇಳಿಯಲಿಲ್ಲ. "ಇಂವಾ, ಈಕಿ, ಆ ಬೈಕಿನವರು ಎಲ್ಲಾರೂ ಒಂದೇ ಆಗಿರಬಾರದು ಅಂತ ಏನು?" ಎಂದು ಪೂಜಿತಾ ಗಂಡನಿಗೆ ಪಿಸುಗುಟ್ಟಿದ್ದು ಯಲ್ಲೇಶನಿಗೆ ಕೇಳಿಸಿತು.

ನೀಲಗಂಗಮ್ಮನಿಗೂ ಕೇಳಿಸಿತು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ನನ್ನ ಬೋರಮಾಳ ಹೋಗೇತಿ, ನಮ್ಮವ್ವ ಕೊಟ್ಟಿದ್ದು. ನಂಗ ಹೊಟ್ಟಿ ಉರೀತದ. ಆದ್ರೂ ಹೇಳ್ತೀನಿ, ಬಾಯಿ ಹರಕ ಬ್ಯಾರೆ, ಕೈ ಹರಕ ಬ್ಯಾರೆ. ಇವಂದು ಬಾಯಿ." ಜಂಬಕ್ಕನ ಕಡೆ ತಿರುಗಿದರು. "ಯವ್ವಾ, ಇಲ್ಲಿ ಹೇಳಿದ್ದನ್ನ ಠಾಣ್ಯಾಗ ಹೇಳ್ತಿಯೇನು? ಇಲ್ಲಿ ಹೇಳಿ ಅಲ್ಲಿ ಬಾಯಿ ಮುಚ್ಚಿದ್ರ ಇವನು ಮುಳುಗಿ ಹೋಗ್ತಾನ."

ಜಂಬಕ್ಕ ಬಯಲಿನಲ್ಲಿ ನಿಂತ ಗಾಡಿಗಳ ಮೇಲೆ, ತನ್ನ ಕುರ್ಚಿಯ ಮೇಲೆ ಕಣ್ಣಾಡಿಸಿದಳು. ಯಲ್ಲೇಶ ಅವಳನ್ನೇ ನೋಡಿದ. ಈ ಹೆಂಗಸಿಗೆ ತಾನು ಯಾರು? ಬೆಳಿಗ್ಗೆ ಟೋಕನ್ ಇಸಿದುಕೊಳ್ಳುವಾಗ ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

"ಪೊಲೀಸರಂದ್ರ ನಂಗೂ ಅಂಜಿಕಿ ಅಮ್ಮಾರ," ಎಂದಳು ಕೊನೆಗೆ.

"ನಂಗೂ ಅಂಜಿಕಿ. ಮೂವರೂ ಕೂಡೇ ಅಂಜೋಣ ನಡಿ."

"ನಾ ಬಂದ್ರ ಇಲ್ಲಿ ಟೋಕನ್ ಯಾರು ಹರೀತಾರ?"

"ಯಾರೂ ಹರಿಯೋದು ಬ್ಯಾಡ."

ಮನೋಹರ್ ಕೈ ಚಾಚಿದ. ಯಲ್ಲೇಶ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಯಾವ ಬಾಗಿಲು ತೆರೆಯಬೇಕೆಂದು ತಿಳಿಯದೆ ನಿಂತ. ಜಂಬಕ್ಕ ಕುರ್ಚಿಯನ್ನು ಮಡಚಿ ಟೇಬಲ್ಲಿಗೆ ಒರಗಿಸಿದಳು. ಮನೋಹರ್ ಕಾರನ್ನು ನಿಧಾನಕ್ಕೆ ಬಯಲಿನ ಬಾಯಿಯಿಂದ ಹೊರಗೆ ತಂದು ನಿಲ್ಲಿಸಿದ. ಅವಳು ಬಾಳೆಯ ಬುಡದಿಂದ ಸೆಣಬಿನ ಹಗ್ಗ ಎತ್ತಿಕೊಂಡು ಬಯಲಿನ ಬಾಯಿಗೆ ಅಡ್ಡ ಕಟ್ಟಿದಳು. ಗಂಟು ಒಮ್ಮೆಗೇ ಬೀಳಲಿಲ್ಲ, ಬಿಚ್ಚಿ ಮತ್ತೊಮ್ಮೆ ಬಿಗಿದಳು. ಅಷ್ಟರಲ್ಲಿ ಹಗ್ಗದ ಮುಂದೆ ಪ್ರವಾಸಿಗರ ಕಾರೊಂದು ಬಂದು ನಿಂತು ಹಾರನ್ ಹೊಡೆಯಿತು. ಜಂಬಕ್ಕ ಅದರ ಕಡೆ ಕೈ ಅಲ್ಲಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಇವರ ಕಾರಿನ ಹತ್ತಿರ ನಡೆದು ಬಂದಳು.