ಕದಲಬಾರದ ಮೆಟ್ಟಿಲುಗಳು

ನಾನು ಒಂದು ಕಿನ್ನರಿ. ಒಂದು ಬಿದಿರಿನ ಕೋಲು, ಅದರ ಕೆಳಗೆ ಮೂರು ಸೋರೆ ಬುರುಡೆ, ಮೇಲೆ ತಂತಿ. ಇಷ್ಟೇ ನನ್ನ ಮೈ. ಕೊಪ್ಪಳದ ಕಡೆಯ ಒಂದು ಗುಡ್ಡದ ಕೆಳಗೆ, ಬೇವಿನ ನೆರಳಿನಲ್ಲಿ ಕೂತು, ತಿರುಕಪ್ಪನೆಂಬ ಜೋಗಿ ನನ್ನನ್ನು ಮಾಡಿದ. ಮನೆ ಮನೆಗೆ ಹೋಗಿ ಕಥೆ ಹಾಡುವುದು ಅವನ ಕಸುಬು.

ಕೋಲಿನ ಮೇಲೆ ಬೆರಳಿಡುವ ಕಡೆಯೆಲ್ಲ ಅವನು ಕಂಚಿನ ಸಣ್ಣ ಮೆಟ್ಟಿಲುಗಳನ್ನು ಕೂರಿಸಿದ. ಮೊಳೆ ಹೊಡೆಯಲಿಲ್ಲ, ಅಂಟು ಹಾಕಲಿಲ್ಲ. ಜೇನುಮೇಣಕ್ಕೆ ಮಸಿ ಕಲಸಿ, ಅದು ಬೆಚ್ಚಗಿರುವಾಗಲೇ ಮೆಟ್ಟಿಲು ಊರಿದ. ಒಂದು ಸಾಲು ಹಾಡುವನು, ಮೆಟ್ಟಿಲನ್ನು ಉಗುರಿನಿಂದ ಚೂರು ಸರಿಸುವನು, ಮತ್ತೆ ಹಾಡುವನು. ಅವನ ಗಂಟಲೂ ನನ್ನ ತಂತಿಯೂ ಒಂದೇ ಮಾತು ಆಡಿದ ಮೇಲೆ ಮೇಣ ಆರಲು ಬಿಟ್ಟ.

ತಿರುಕಪ್ಪ ಹೋದ ಮೇಲೆ ಅವನ ಮಗ ನನ್ನನ್ನು ಹಿಡಿದ. ಮೊದಲು ಮಾಡಿದ ಕೆಲಸವೇ ನನ್ನ ಹತ್ತಿರ ಕೆಂಡ ತಂದದ್ದು. ಮೇಣ ಕರಗಿ ಮೆಟ್ಟಿಲುಗಳು ಸಡಿಲವಾದಾಗ, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಅವನು ತನ್ನ ದನಿಗೆ ತಕ್ಕಂತೆ ಅವನ್ನು ಮತ್ತೆ ಕೂರಿಸಿದ. ಜೋಗಿಗಳು ಮೇಣ ಹಚ್ಚುವುದು ಇದಕ್ಕೇ ಎಂದು ಆಗ ತಿಳಿಯಿತು. ಕೈ ಬದಲಾದಾಗೆಲ್ಲ ನಾನು ಒಮ್ಮೆ ಕರಗಬೇಕು.

ಹಾಗೆ ಕೈ ಬದಲಾಗುತ್ತ ನಾನು ಮಾರೆಪ್ಪನಿಗೆ ಬಂದೆ. ಮಾರೆಪ್ಪ ತೀರಿಕೊಂಡ ಮೇಲೆ ಅವನ ಮಗಳು ಗಾಳೆಮ್ಮ ನನ್ನನ್ನು ಗೋಡೆಯ ಗೂಟದಿಂದ ಇಳಿಸಿದಳು. ಹೆಂಗಸರು ಕಿನ್ನರಿ ಹಿಡಿಯುವ ವಾಡಿಕೆ ಅವರಲ್ಲಿ ಇರಲಿಲ್ಲ. ಬೇಡ ಎನ್ನುವವರೂ ಯಾರೂ ಉಳಿದಿರಲಿಲ್ಲ.

ಗಾಳೆಮ್ಮ ಕೂದಲಿನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಕೂದಲು ಬರುತ್ತಿತ್ತಂತೆ. ಹೆಂಗಸರು ಸಾಲಾಗಿ ಕೂತು ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಬೇಕು. ಸಂಜೆ ಅವಳ ಬೆರಳು ನನ್ನನ್ನು ಮುಟ್ಟಿದರೆ ಯಾರ‍್ಯಾರದೋ ತಲೆಯೆಣ್ಣೆಯ ವಾಸನೆ. ಎಳೆ ಹರಿಯದಂತೆ ಬಿಡಿಸುವ ಬೆರಳು ಅವು. ನನಗೆ ಅವು ಬಹಳ ಹಿಡಿಸಿದವು. ಆದರೆ ಶೆಡ್ಡಿನ ಧೂಳು ಅವಳ ಎದೆಗೆ ಇಳಿದಿತ್ತು. ಎರಡು ಸಾಲು ಹಾಡಿದರೆ ಕೆಮ್ಮು. ಅಪ್ಪನ ದನಿಗೆ ಕೂತ ಮೆಟ್ಟಿಲುಗಳನ್ನು ಸರಿಸಲು ಅವಳಿಗೆ ಮನಸ್ಸೂ ಬರಲಿಲ್ಲ. ಗಂಡು ದನಿಯ ಜಾಡಿನಲ್ಲೇ ತಿಣುಕುತ್ತ ಹಾಡುತ್ತಿದ್ದಳು.

ಅವಳ ಓಣಿಯಲ್ಲೇ ಇದ್ದ ಅಂದಾನಪ್ಪ ಮಾಸ್ತರು ಅದನ್ನು ಕೇಳಿಸಿಕೊಂಡರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಳೆಯ ಕಾಲದ ವಾದ್ಯಗಳನ್ನೇ ನುಡಿಸುವ ಒಂದು ಮೇಳ ಕಟ್ಟಬೇಕೆಂಬ ಹುಚ್ಚು ಅವರಿಗೆ. ಮುಖವೀಣೆ ಊದುವ ಯಂಕೋಬ ಆಗಲೇ ಸಿಕ್ಕಿದ್ದ. ಈಗ ನಾವೂ ಸೇರಿದೆವು.

ಅಷ್ಟರಲ್ಲಿ ಸರ್ಕಾರದ ಅನುದಾನದ ಸುದ್ದಿ ಬಂತು. ಹಳೆಯ ವಾದ್ಯಗಳ ಮೇಳಕ್ಕೆ, ನುಡಿಸುವವರಿಗೆ ತಿಂಗಳು ತಿಂಗಳು ಸಂಬಳ. ವಾದ್ಯ ಮಾತ್ರ ಮೂಲ ರೂಪದಲ್ಲೇ ಇರಬೇಕು, ಸಮಿತಿಯವರು ಬಂದು ನೋಡುತ್ತಾರೆ.

"ಇದು ಸಿಕ್ಕರ ನೀ ಶೆಡ್ಡ ಬಿಡಬಹುದು, ಗಾಳೆವ್ವ," ಎಂದರು ಮಾಸ್ತರು.

"ಸಿಗದಿದ್ದರ ಶೆಡ್ಡs ನನ್ನ ಬಿಡಂಗಿಲ್ರಿ," ಎಂದಳು ಅವಳು, ಕೆಮ್ಮುತ್ತ.

ಸಮಿತಿ ಬರುವ ಹಿಂದಿನ ದಿನ ಅವಳು ನನಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ದಳು. ಮಾಸ್ತರು ನೋಡಿ ಹೌಹಾರಿದರು. "ಏನವಾ ಇದು, ನಿನ್ನೆ ಅಂಗಡ್ಯಾಗಿಂದ ತಂದಂಗ ಮಿಂಚಾಕತ್ತೈತಿ! ಹಳೇದು ಅಂದ್ರ ಯಾರು ನಂಬತಾರ?" ಎಂದವರೇ ನನ್ನನ್ನು ತಮ್ಮ ಮನೆಗೆ ಒಯ್ದು ಕಟ್ಟಿಗೆ ಒಲೆಯ ಮೇಲೆ ತೂಗುಹಾಕಿದರು. ಹೊಗೆ ಹಿಡಿದು ಕಪ್ಪಾಗಲಿ ಎಂದು.

ಕಪ್ಪಾದದ್ದು ನಿಜ. ಬಿಸಿಗೆ ಮೇಣ ಮೆತ್ತಗಾಗಿ, ನನ್ನ ಮೆಟ್ಟಿಲುಗಳು ಒಂದೊಂದಾಗಿ ಜಾರಿದವು. ಒಂದು ಒಲೆಯೊಳಗೆ ಬಿತ್ತು. ಒಂದು ಹಾಲುಹಲ್ಲಿನ ಹಾಗೆ ಜೋತಾಡುತ್ತಿತ್ತು. ಮಾರೆಪ್ಪನ ದನಿ ನನ್ನ ಮೈಯಿಂದ ಇಳಿದು ಹೋಯಿತು.

ಬೆಳಿಗ್ಗೆ ಯಂಕೋಬ ಬಗ್ಗಿ ನೋಡಿದ. "ಮಾಸ್ತರ, ಇದು ಹಳೇದಾಗಿಲ್ರಿ. ಸತ್ತೈತಿ."

"ಬಾಯಿ ಮುಚ್ಚಲೇ! ಗಾಳೆವ್ವ, ನಿಮ್ಮಪ್ಪ ಹೆಂಗ ಕೂಡಿಸಿದ್ದನೋ ಹಂಗs ಕೂಡ್ಸು. ಅವರು ಬರೂ ಹೊತ್ತಾತು."

"ಅಪ್ಪನ ದನಿ ನನ್ನ ನೆನಪಿನಾಗ ಐತ್ರಿ, ಗಂಟಲಾಗ ಇಲ್ಲ."

ಹಾಗೆಂದವಳು ಒಲೆಯ ಬೂದಿ ಕೆದಕಿ ಬಿದ್ದ ಮೆಟ್ಟಿಲನ್ನು ತೆಗೆದಳು. ಕೆಂಡ ಹತ್ತಿರ ಎಳೆದುಕೊಂಡಳು. ಹಾಡಿದಳು, ಸರಿಸಿದಳು, ಹಾಡಿದಳು. ಮೊದಲ ಸಲ ಅವಳು ತಿಣುಕದೆ ಹಾಡಿದ್ದನ್ನು ನಾನು ಕೇಳಿದೆ. ಕೊನೆಯ ಮೆಟ್ಟಿಲು ಕೂರಿಸುವಾಗಲೇ ಹೊರಗೆ ಜೀಪು ನಿಂತಿತು.

ಸಮಿತಿಯಿಂದ ಬಂದವರು ಬೆಂಗಳೂರಿನ ಮೃಣಾಲಿನಿ ಮೇಡಂ, ಜೊತೆಗೆ ಮಾತಿಲ್ಲದ ಒಬ್ಬ ಅಧಿಕಾರಿ. ಗಾಳೆಮ್ಮ ಹಾಡಿದಳು, ಯಂಕೋಬ ಊದಿದ. ಮೇಡಂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸ್ಕೇಲು ತೆಗೆದು ನನ್ನ ಮೆಟ್ಟಿಲುಗಳ ನಡುವಿನ ಜಾಗ ಅಳೆಯತೊಡಗಿದರು. ಅಧಿಕಾರಿ ಬರೆದುಕೊಂಡ.

"ಈ ಮೆಟ್ಟಿಲುಗಳು ಯಾವ ಕಾಲದ್ದು?"

"ಅಜ್ಜ ಮುತ್ತಜ್ಜರು ಕೂಡ್ಸಿದ್ದು ಮೇಡಂ," ಎಂದರು ಮಾಸ್ತರು. "ಅಂದಿಂದ ಇಂದಿನ ತನಕ ಒಂದು ಎಳ್ಳಿನಷ್ಟು ಕದಲಿಲ್ಲ!"

ನನ್ನ ಮೇಣ ಇನ್ನೂ ಬೆಚ್ಚಗಿತ್ತು. ಮೇಡಂ ಬೆರಳು ಮುಂದೆ ಬಂತು. ಒತ್ತಿದರೆ ಗುಳಿ ಬೀಳುತ್ತದೆ. ಗಾಳೆಮ್ಮ ಉಸಿರು ಬಿಗಿಹಿಡಿದದ್ದು ನನ್ನ ಬುರುಡೆಗೆ ತಾಗಿತು. ಯಂಕೋಬ ಸೂರಿನ ಜಂತಿ ನೋಡುತ್ತಿದ್ದ. ಬೆರಳು ಮೆಟ್ಟಿಲಿನ ಅಂಚು ಸವರಿ ಹಿಂದೆ ಹೋಯಿತು.

"ಇಂಥ ಶುದ್ಧವಾದ ಹಳೆಯ ಶ್ರುತಿ ನಾನು ಕೇಳೇ ಇಲ್ಲ," ಎಂದರು ಮೇಡಂ.

ಅನುದಾನ ಬಂತು, ಜೊತೆಗೆ ಒಂದು ಷರತ್ತು. ಮೆಟ್ಟಿಲುಗಳನ್ನು ಯಾವ ಕಾರಣಕ್ಕೂ ಕದಲಿಸಬಾರದು, ವರ್ಷಕ್ಕೊಮ್ಮೆ ಬಂದು ಅಳೆಯುತ್ತೇವೆ ಎಂದು. ಹೀಗೆ, ಒಲೆಯ ಮುಂದೆ ಗಡಿಬಿಡಿಯಲ್ಲಿ ಕೂರಿಸಿದ್ದು ನನ್ನ ಪುರಾತನ ಶ್ರುತಿಯಾಯಿತು.

ಒಳ್ಳೆಯ ವರ್ಷಗಳು ಅವು. ಗಾಳೆಮ್ಮ ಶೆಡ್ಡು ಬಿಟ್ಟಳು, ಕೆಮ್ಮು ಇಳಿಯಿತು. ರೈಲಿನಲ್ಲಿ ಅವಳು ನನ್ನನ್ನು ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ದೊಡ್ಡ ದೊಡ್ಡ ಸಭೆಗಳಲ್ಲಿ ತಲೆ ಎತ್ತದೆ ಹಾಡಿ ಬರುತ್ತಿದ್ದಳು. ಪ್ರತಿ ವರ್ಷ ಸ್ಕೇಲು ಬರುತ್ತಿತ್ತು, ಅಳತೆ ಸರಿಹೋಗುತ್ತಿತ್ತು.

ಆಮೇಲೆ ಅವಳ ಗಂಟಲಿನಲ್ಲಿ ಗಂಟು ಎದ್ದಿತು. ಆಸ್ಪತ್ರೆಯಲ್ಲಿ ತೆಗೆದರು. ದನಿ ಉಳಿಯಿತು, ಆದರೆ ಕೆಳಗಿಳಿದು ದಪ್ಪವಾಯಿತು. ನನ್ನ ತಂತಿ ಸಡಿಲಿಸಿ ನೋಡಿದಳು. ಸಡಿಲಾದ ತಂತಿ ಮೆಟ್ಟಿಲುಗಳಿಗೆ ಬಡಿದು ಗೊರಗೊರ ಎಂದಿತು. ಮೆಟ್ಟಿಲುಗಳನ್ನು ತಗ್ಗಿಸಿ, ಜಾಗ ಬದಲಿಸಿ ಕೂರಿಸದೆ ದಾರಿಯೇ ಇರಲಿಲ್ಲ. ತಂತಿ ಬಿಗಿದರೆ ಅವಳ ಗಂಟಲು ಅಲ್ಲಿಗೆ ಏರುತ್ತಿರಲಿಲ್ಲ.

ತಪಾಸಣೆ ಹತ್ತಿರ ಬಂತು. ಮಾಸ್ತರು ಕಾಲೇಜಿನ ಒಬ್ಬ ಹುಡುಗಿಯ ಹೆಸರು ಹೇಳಿದರು. "ಆಕಿ ದನಿ ಈ ಕಿನ್ನರಿಗೆ ಬರೋಬ್ಬರಿ ಕೂಡತೈತಿ. ಆಕಿ ಹಾಡಲಿ. ನೀ ಹಿಂದ ಕುಂತು ಬಾರಿಸು, ಸಂಬಳ ಬರತೈತಿ."

"ಕಿನ್ನರಿಗೆ ಮಂದೀನ ಹುಡುಕೂದೇನ್ರಿ, ಸರ?"

"ಹಂಗಾರ ಏನ ಮಾಡೂದು? ಮೂರು ಮನೀ ಒಲಿ ಉರಿಯೂದು ಇದರ ಮ್ಯಾಲ ಐತಿ."

ಯಂಕೋಬ ಮುಖವೀಣೆ ಒರೆಸುತ್ತ ಕೂತ. ಅವನ ಮನೆಯಲ್ಲೂ ಒಲೆ ಇತ್ತು. ಗಾಳೆಮ್ಮ ತಲೆ ಬಗ್ಗಿಸಿದಳು. ಒಪ್ಪಿದಳೆಂದು ಮಾಸ್ತರು ತಿಳಿದರು. ನಾನೂ ಹಾಗೇ ತಿಳಿದೆ.

ತಪಾಸಣೆಯ ದಿನ ಮೇಡಂ ಅಧಿಕಾರಿಯೊಡನೆ ಬಂದು ಕೂತರು. ಅವರಿಗೂ ತಲೆ ನರೆತಿತ್ತು. ಕಾಲೇಜಿನ ಹುಡುಗಿ ಜರಿ ಸೀರೆಯುಟ್ಟು ಕೂತಿದ್ದಳು. ಗಾಳೆಮ್ಮ ಒಳಗಿನಿಂದ ಬಂದಳು, ಕೈಯಲ್ಲಿ ಕೆಂಡದ ಅಗ್ಗಿಷ್ಟಿಕೆ. ನೆಲದ ಮೇಲಿಟ್ಟು ನನ್ನನ್ನು ಅದರ ಹತ್ತಿರ ಹಿಡಿದಳು.

"ಏ ಗಾಳೆವ್ವ!" ಮಾಸ್ತರು ಎದ್ದುನಿಂತರು.

"ಏನು ಮಾಡ್ತಾ ಇದೀರಿ? ಕರಗಿಹೋಗುತ್ತೆ!" ಮೇಡಂ ದನಿ ಏರಿತು.

"ಕರಗಸಾಕs ಹಿಡದೀನ್ರಿ," ಎಂದಳು ಗಾಳೆಮ್ಮ. ಅವಳು ಅವರ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಮೊದಲನೇ ಸಲ ನೀವು ಬಂದಾಗ ಅಳದ್ರಲ್ರಿ, ಅದನ್ನ ನಾನು ಅವತ್ತ ಮುಂಜಾನೆ ಕೂಡ್ಸಿದ್ದೆ. ಮೇಣ ಇನ್ನಾ ಆರಿದ್ದಿಲ್ಲ. ನಮ್ಮಪ್ಪಂದು ಬ್ಯಾರೆ ಇತ್ತು. ಅವರಪ್ಪಂದು ಬ್ಯಾರೆ. ಇದರಾಗ ಹಳೇದು ಅಂದ್ರ ಹಿಂಗ ಕರಗಸೂದು ಒಂದs ರಿ."

ನನ್ನ ಮೇಣ ಮೆತ್ತಗಾಯಿತು. ಅವಳು ದಪ್ಪ ದನಿಯಲ್ಲಿ ಒಂದು ಸಾಲು ಹಾಡಿದಳು, ಉಗುರಿನಿಂದ ಮೆಟ್ಟಿಲು ಒತ್ತಿದಳು. ಅಧಿಕಾರಿಯ ಕೈಯಲ್ಲಿ ಸ್ಕೇಲು ಹಾಗೇ ಉಳಿಯಿತು. ಇಷ್ಟು ವರ್ಷ ಕಲ್ಲಾಗಿದ್ದ ನನ್ನ ಮೈ ಸಡಿಲವಾಯಿತು. ತಿರುಕಪ್ಪನ ಮಗನ ಕೈಯಲ್ಲಿ ಪಟ್ಟ ಹೆದರಿಕೆ ಈ ಸಲ ಬರಲಿಲ್ಲ.

ಹಾಡು ಮುಗಿಯುವವರೆಗೆ ಮೇಡಂ ಏಳಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿದೆ. ಆದರೆ ಷರತ್ತು ಮುರಿದಿದೆ ಅಂತ ನಾನು ಬರೀಲೇಬೇಕು," ಎಂದರು.

"ಬರೀರಿ," ಎಂದಳು ಗಾಳೆಮ್ಮ.

ಅನುದಾನ ನಿಂತಿತು. ಮೇಳ ಚದುರಿತು. ಯಂಕೋಬ ಮದುವೆಗಳಲ್ಲಿ ಊದಲು ಹೋದ. ಮಾಸ್ತರು ಬಹಳ ದಿನ ನಮ್ಮ ಬಾಗಿಲಿಗೆ ಬರಲಿಲ್ಲ. ಒಮ್ಮೆ ಬಂದು, ಹೊಸ್ತಿಲ ಹೊರಗೇ ನಿಂತು, "ಹಾಡು," ಎಂದರು. ಅವಳು ಹಾಡಿದಳು. ಮುಗಿಯುವವರೆಗೆ ಕೇಳಿ, ಹೋದರು. ಗಾಳೆಮ್ಮ ಅಂಗನವಾಡಿಯಲ್ಲಿ ಅಡುಗೆಗೆ ಸೇರಿದಳು.

ಈಗ ನಾನು ಅವಳ ಮನೆಯಲ್ಲಿ, ಅಕ್ಕಿ ಡಬ್ಬಿಯ ಮೇಲಿನ ಗೂಟಕ್ಕೆ ತೂಗುತ್ತೇನೆ. ನನ್ನ ಒಂದು ಬುರುಡೆ ಬಿರಿದಿದೆ. ಅವಳಿಗೂ ಮಂಡಿ ನೋವು. ಒಂದೊಂದು ದಿನ ನನ್ನನ್ನು ಇಳಿಸುತ್ತಾಳೆ, ಒಂದೊಂದು ದಿನ ಧೂಳು ಮಾತ್ರ ಒರೆಸುತ್ತಾಳೆ. ನನ್ನ ಮೇಲೆ ಈಗ ಕೂತಿರುವುದು ಅವಳ ಆ ದಪ್ಪ ದನಿ. ಅವಳ ಕಾಲ ಮುಗಿದ ಮೇಲೆ ನನ್ನನ್ನು ಯಾರಾದರೂ ಇಳಿಸಿದರೆ, ಹಳೆಯ ವಸ್ತು ಎಂದು ಹೆದರಿ ಬಟ್ಟೆಯಲ್ಲಿ ಸುತ್ತಿ ಇಡದಿರಲಿ. ಮೊದಲು ಒಂದು ಸಾಲು ಹಾಡಲಿ. ಆಮೇಲೆ ಕೆಂಡ ತರಲಿ.