ನೋಲಾ ಹಂಚಿದ ಸಸಿಗಳು

ಪಕ್ಕದ ಮನೆಯ ಕ್ಲೆಮ್‌ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಆಂಬುಲೆನ್ಸಿಗೆ ಹತ್ತಿಸುವಾಗ ನೋಲಾ ಪೈಬಸ್ ಬೇಲಿಯ ಈಚೆ ನೀರಿನ ಪೈಪು ಹಿಡಿದುಕೊಂಡೇ ನಿಂತಿದ್ದಳು. ನೀರು ಅವಳ ಬೂಟಿನೊಳಕ್ಕೇ ಇಳಿಯುತ್ತಿತ್ತು, ಅದು ಅವಳಿಗೆ ಗೊತ್ತಾಗಲಿಲ್ಲ. ಎರಡು ದಿನದ ಹಿಂದೆಯಷ್ಟೇ ಇದೇ ಬೇಲಿಗೆ ಮೊಣಕೈ ಊರಿ ಹರಟಿದ್ದ ಮನುಷ್ಯ ಅವನು. ಈಗ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು, ಕಣ್ಣು ಅರ್ಧ ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪನನ್ನು ನೋಡಿ ಹೋಗಲು ಬಂದ ಮಗಳು ಜನೀನ್‌ಗೆ ಅವನು ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದು ಕಂಡಿತ್ತು. ಅವಳು ಓಡಿಬಂದು ಬೇಲಿಯ ಆಚೆಯಿಂದಲೇ ಹೇಳಿದಳು.

"ರಕ್ತ ಹೋಗಿದೆ ನೋಲಾ. ವಾಂತಿ ಮಾಡಿ ಮಾಡಿ ಮೈಯಲ್ಲಿ ಒಂದು ಹನಿ ನೀರಿಲ್ಲ ಅಂತಾರೆ. ಏನು ತಿಂದಿದ್ದ ಅಂತ ಕೇಳ್ತಿದಾರೆ, ನನಗೇನು ಗೊತ್ತು? ಒಲೆ ಮೇಲೆ ಪಾತ್ರೆಯಲ್ಲಿ ಎಂಥದೋ ಸೂಪಿದೆ. ಅದನ್ನ ಒಂದು ಡಬ್ಬಿಗೆ ಹಾಕ್ಕೊಂಡು, ಅಪ್ಪನ ಕನ್ನಡಕ ತಗೊಂಡು ಹಿಂದೆ ಬರ್ತೀರಾ?"

"ಬರ್ತೀನಿ, ನೀನು ಹೊರಡು" ಎಂದಳು ನೋಲಾ.

ಕ್ಲೆಮ್‌ನ ಅಡುಗೆಮನೆ ಅಚ್ಚುಕಟ್ಟಾಗಿತ್ತು. ಪಾತ್ರೆಯ ತಳದಲ್ಲಿ ಹಸಿರು ಸೂಪು ಉಳಿದಿತ್ತು, ಮಿಕ್ಕಿದ್ದೆಲ್ಲ ಅವನ ಹೊಟ್ಟೆಗೆ ಹೋಗಿತ್ತು. ಕೊಯ್ಯುವ ಹಲಗೆಯ ಮೇಲೆ ಇನ್ನೊಂದು ಜುಕಿನಿ. ಸೌತೆಯಷ್ಟುದ್ದದ ಆ ಕುಂಬಳದ ಜಾತಿಯ ಕಾಯಿಯ ಮೇಲೆ ತೆಳುವಾದ ಬಿಳಿ ಪಟ್ಟೆಗಳಿದ್ದವು. ತಾನೇ ಬೀಜ ಹಾಕಿ, ತಾನೇ ಆರಿಸಿ ಕೊಟ್ಟ ಸಸಿಯ ಕಾಯಿ. ಪಾಪ, ಬಿಟ್ಟ ಎರಡನೇ ಕಾಯಿಯನ್ನೂ ಕೊಯ್ದಿಟ್ಟುಕೊಂಡಿದ್ದಾನೆ ಎಂದುಕೊಂಡು ಅವಳು ಸೂಪನ್ನು ಡಬ್ಬಿಗೆ ಸುರಿದು ಮುಚ್ಚಳ ಬಿಗಿದಳು. ಆ ಕ್ಷಣದಲ್ಲಿ ಅವಳ ಮನಸ್ಸಿಗೆ ಬೇರೇನೂ ಹೊಳೆಯಲಿಲ್ಲ.

ಆ ಬೀದಿಯಲ್ಲಿ ಸಸಿ ಎಂದರೆ ನೋಲಾ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕಿ ನಿವೃತ್ತಳಾದವಳು. ಭೂಮಿಯ ದಕ್ಷಿಣ ತುದಿಯ ಆ ಊರಿನಲ್ಲಿ ಚಳಿಗಾಲ ಮುಗಿದು ಸೆಪ್ಟೆಂಬರ್ ಬಂತೆಂದರೆ ಅವಳ ಮನೆಯ ಬಿಸಿಲು ಬೀಳುವ ಕಿಟಕಿಗಳ ಮುಂದೆಲ್ಲ ಮೊಟ್ಟೆಯ ತಟ್ಟೆ, ಹಾಲಿನ ಖಾಲಿ ಪೊಟ್ಟಣ, ಹಳೇ ಪೇಪರು ಸುತ್ತಿ ಮಾಡಿದ ಪುಟ್ಟ ಕುಂಡಗಳು. ಟೊಮೆಟೊ, ಬೀನ್ಸು, ಜುಕಿನಿ. ಎದುರಿನ ಬೆಟ್ಟದ ನೆತ್ತಿಯ ಹಿಮ ಕರಗುವವರೆಗೆ ಒಂದನ್ನೂ ಹೊರಗೆ ನೆಡಲು ಬಿಡುತ್ತಿರಲಿಲ್ಲ. ಆಮೇಲೆ ಬೀದಿಯವರೆಲ್ಲ ಬಂದು ಒಂದೊಂದು ಒಯ್ಯುತ್ತಿದ್ದರು.

ಕ್ಲೆಮ್ ಕೇಳಿದ್ದು ಈ ಸಲವೇ ಮೊದಲು. ಮೂವತ್ತು ವರ್ಷ ಸೇಬಿನ ಲಾರಿ ಓಡಿಸಿದ ಅವನು ತೋಟದ ಮಣ್ಣು ಮುಟ್ಟಿದವನಲ್ಲ. ಹೆಂಡತಿ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ನವೆಂಬರಿನ ಒಂದು ಮಧ್ಯಾಹ್ನ ಬೇಲಿಯ ಬಳಿ ಬಂದು, "ನನಗೂ ಒಂದು ಕೊಡು ನೋಲಾ. ಸಾಯಿಸೋದಕ್ಕೆ ಕಷ್ಟ ಅನ್ನೋವಂಥದ್ದು ಕೊಡು" ಎಂದಿದ್ದ.

"ಹಾಗಾದ್ರೆ ಜುಕಿನಿ" ಎಂದು ನೋಲಾ ತಟ್ಟೆಯನ್ನೇ ತಂದು ಬೇಲಿಯ ಮೇಲಿಟ್ಟಿದ್ದಳು. "ಇಲ್ನೋಡು. ಉದ್ದಕ್ಕಿರೋದು ನೋಡಿ ಮರುಳಾಗಬೇಡ, ಅದು ಬೆಳಕಿಲ್ಲದೆ ಕತ್ತು ಚಾಚಿರೋದು. ಗಿಡ್ಡಗಿದ್ದು ಕಾಂಡ ದಪ್ಪ ಇರ್ಬೇಕು. ಕುಂಡ ಬೋರಲು ಹಾಕಿ ಬೇರು ನೋಡು, ಬೆಳ್ಳಗಿದೆ, ಸುತ್ತಿಕೊಂಡಿಲ್ಲ. ಹೂ ಬಿಟ್ಟಿರೋ ಸಸಿ ಯಾರು ಕೊಟ್ರೂ ತಗೋಬೇಡ."

"ಮದುವೆಗೆ ಹುಡುಗಿ ನೋಡಿದಷ್ಟು ನೋಡ್ತೀಯಲ್ಲ!"

"ಹುಡುಗಿ ಆದ್ರೆ ಬೇಡ ಅಂದು ಎದ್ದು ಹೋಗ್ತಾಳೆ ಕಣಯ್ಯಾ. ಇದು ಪಾಪ, ಹಾಕಿದ ಕಡೆ ಇರುತ್ತೆ. ವಾರ ಪೂರ್ತಿ ಹಗಲು ಹೊರಗಿಡು, ಸಂಜೆ ಒಳಗೆ ತಗೋ. ಗಾಳಿ ಅಭ್ಯಾಸ ಆಗ್ಲಿ, ಆಮೇಲೆ ನೆಡು."

ತಟ್ಟೆಯಲ್ಲಿದ್ದುದರಲ್ಲೆಲ್ಲ ಗಟ್ಟಿಮುಟ್ಟಾದ, ಎಲೆ ಅಂಗೈಯಗಲ ಆಗಿದ್ದ ಸಸಿಯನ್ನೇ ಅವನಿಗೆ ಕೊಟ್ಟಿದ್ದಳು. ಒಳ್ಳೆಯದೆಲ್ಲ ಹಂಚಿ, ಕಡೆಗೆ ಉಳಿದ ಬಡಕಲು ಎರಡನ್ನು ತನ್ನ ಪಾತಿಯಲ್ಲಿ ನೆಟ್ಟುಕೊಂಡಿದ್ದಳು. ಅವು ಜನವರಿ ಬಂದರೂ ಇನ್ನೂ ಹೂವಿನಲ್ಲೇ ಇದ್ದವು.

ನಗರದ ಆಸ್ಪತ್ರೆಯಲ್ಲಿ ಕ್ಲೆಮ್‌ನನ್ನು ಒಳಗೆ ಕರೆದೊಯ್ದಿದ್ದರು. ಹೊರಗಿನ ಪುಟ್ಟ ಕೋಣೆಯಲ್ಲಿ ಜನೀನ್ ಜೊತೆ ಒಬ್ಬಳು ಯುವ ಡಾಕ್ಟರು ಕೂತಿದ್ದಳು. ನೋಲಾ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಇದರಲ್ಲಿ ಏನು ಹಾಕಿದಾರೆ?" ಡಾಕ್ಟರು ಕೇಳಿದಳು.

"ಜುಕಿನಿ, ಈರುಳ್ಳಿ. ಮನೆಯಲ್ಲೇ ಬೆಳೆದ ಜುಕಿನಿ."

ಡಾಕ್ಟರು ತಲೆಯೆತ್ತಿದಳು. "ಕಹಿ ಇತ್ತು ಅಂತ ಅವರೇನಾದ್ರೂ ಹೇಳಿದ್ರಾ?"

ಅಷ್ಟರಲ್ಲಿ ಜನೀನ್ ಮುಚ್ಚಳ ತೆಗೆದು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಯೇ ಬಿಟ್ಟಳು. ಮರುಕ್ಷಣ ಎದ್ದು ಕೈತೊಳೆಯುವ ತೊಟ್ಟಿಗೆ ಓಡಿದಳು. ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಉಗುಳಿದಳು. ಕಣ್ಣಲ್ಲಿ ನೀರು ಬಂದಿತ್ತು.

"ದೇವರೇ! ವಿಷ ಇದು, ಅಪ್ಪಟ ವಿಷ! ಇದನ್ನ ಅಪ್ಪ ಹೇಗೆ ಕುಡಿದ?"

"ಏನೋ ಅತಿಯಾಗಿ ಹೇಳ್ತಿದೀಯ" ಎಂದಳು ನೋಲಾ. ತಾನು ಕೊಟ್ಟ ಗಿಡದ ಬಗ್ಗೆ ಹೀಗೆ ಅಂದದ್ದು ಅವಳಿಗೆ ಚುರುಕ್ಕೆಂದಿತ್ತು. ಡಾಕ್ಟರು "ಬೇಡ, ಬೇಡ" ಎಂದು ಕೈ ಚಾಚುವ ಮೊದಲೇ ಅವಳೂ ಎರಡು ಬೆರಳು ಅದ್ದಿ ಚೀಪಿದಳು. ನಾಲಿಗೆಯ ಮೇಲೆ ಹೊರಳಿಸಿದಳು. ನುಂಗಿದಳು.

"ಚೆನ್ನಾಗೇ ಇದೆಯಲ್ಲ" ಎಂದಳು.

ತೊಟ್ಟಿಯ ಅಂಚು ಹಿಡಿದು ನಿಂತಿದ್ದ ಜನೀನ್, ನೋಲಾಳನ್ನು ಗುರುತೇ ಇಲ್ಲದವಳ ಹಾಗೆ ನೋಡುತ್ತಿದ್ದಳು.

ಡಾಕ್ಟರು ಮೆಲ್ಲಗೆ ಕೇಳಿದಳು: "ನಿಮಗೆ ರುಚಿ ಗೊತ್ತಾಗದೆ ಎಷ್ಟು ದಿನ ಆಯ್ತು?"

ಕಳೆದ ಜೂನ್‌ನಲ್ಲಿ ಬಂದ ಜ್ವರ ಹೋಗುವಾಗ ಬಾಯಿರುಚಿಯನ್ನೂ ತೆಗೆದುಕೊಂಡು ಹೋಗಿತ್ತು. ಬರುತ್ತದೆ, ಬರುತ್ತದೆ ಎಂದು ಕಾದಿದ್ದಳು. ಯಾರಿಗೂ ಹೇಳಿರಲಿಲ್ಲ. ಅಡುಗೆಯವಳ ನಾಲಿಗೆ ಸತ್ತಿದೆ ಎಂದು ಹೇಗೆ ಹೇಳುವುದು? ಅಳತೆಯ ಚಮಚ ಹಿಡಿದು, ಹಳೇ ನೆನಪಿನ ಮೇಲೆ ಬೇಯಿಸಿಕೊಂಡು ದಿನ ತಳ್ಳಿದ್ದಳು. ಆದರೆ ತನ್ನ ಬಾಯಿ ಇಷ್ಟು ಪೂರ್ತಿ ಸತ್ತಿದೆ, ಇನ್ನೊಬ್ಬರನ್ನು ಉಗುಳಿಸುವ ವಿಷವನ್ನು ತಾನು ಹೊಗಳಬಲ್ಲೆ ಎಂಬುದು ಅವಳಿಗೇ ತಿಳಿದಿರಲಿಲ್ಲ.

"ಕುಂಬಳದ ಜಾತಿಯ ಕಾಯಿಗಳಲ್ಲಿ ಅಪರೂಪಕ್ಕೆ ಕಹಿ ವಿಷ ಸೇರಿಕೊಳ್ಳುತ್ತೆ" ಡಾಕ್ಟರು ಹೇಳುತ್ತಿದ್ದಳು. "ಬೇಯಿಸಿದ್ರೂ ಹೋಗಲ್ಲ. ಅಂಗಡಿಯ ಬೀಜದಲ್ಲಿ ಸಾಮಾನ್ಯವಾಗಿ ಹೀಗಾಗಲ್ಲ. ಬೀಜ ಎಲ್ಲಿಂದ ಬಂತು?"

"ನಾನೇ ಎತ್ತಿಟ್ಟಿದ್ದು" ಎಂದಳು ನೋಲಾ. ಹೇಳುತ್ತಿದ್ದಂತೆಯೇ ಹಿಂದಿನ ವರ್ಷದ ಕೋಳಿಗೂಡು ಕಣ್ಣೆದುರು ಬಂದು ನಿಂತಿತು. ಸಮುದಾಯ ಭವನದ ಸುಗ್ಗಿಯ ಮೇಜನ್ನು ಸಿಂಗರಿಸಲೆಂದು ಬಣ್ಣಬಣ್ಣದ ಅಲಂಕಾರದ ಕುಂಬಳದ ಬಳ್ಳಿಯನ್ನು ಆ ಗೂಡಿನ ಮೇಲೆ ಅವಳೇ ಹಬ್ಬಿಸಿದ್ದಳು. ತಿನ್ನುವಂಥದ್ದಲ್ಲ, ನೋಡಲು ಮಾತ್ರ. ಹತ್ತೇ ಹೆಜ್ಜೆ ಆಚೆ ಬೀಜಕ್ಕೆ ಬಿಟ್ಟ ಜುಕಿನಿ. ನಡುವೆ ಒಂದರ ಪರಾಗ ಇನ್ನೊಂದಕ್ಕೆ ಹೊತ್ತು ಓಡಾಡಿದ ಜೇನುನೊಣಗಳು. ತಟ್ಟೆಯಲ್ಲಿ ಕೆಲವು ಸಸಿ, ಅವುಗಳಲ್ಲೂ ಆ ಒಂದು, ಮಿಕ್ಕವನ್ನೆಲ್ಲ ಮೀರಿ ಯಾಕೆ ಹಾಗೆ ದಷ್ಟಪುಷ್ಟವಾಗಿ ಎದ್ದಿತ್ತು ಎಂಬುದು ಈಗ ತಿಳಿಯಿತು. ಅದನ್ನೇ ಆರಿಸಿ ಕೊಟ್ಟಿದ್ದಳು.

"ಏಳು ಸಸಿ ಹಂಚಿದೀನಿ" ಎಂದಳು. "ಇನ್ನೂ ಆರು ಮನೆ ಇದೆ."

ಮೂವತ್ತೈದು ನಿಮಿಷದ ದಾರಿ ಹೇಗೆ ಕಳೆಯಿತೋ. ನದಿಯ ಸೇತುವೆ ದಾಟಿದ್ದು ಅವಳಿಗೆ ನೆನಪಿಲ್ಲ. ಕಾರನ್ನು ಬೀದಿಯ ತುದಿಯಲ್ಲಿ ಓರೆಯಾಗಿ ನಿಲ್ಲಿಸಿ, ಬಾಗಿಲು ಹಾಕದೆಯೇ ಮೊದಲ ಮನೆಗೆ ಓಡಿದಳು. ಅದು ಟೀಗನ್‌ಳ ಮನೆ. ಅವಳ ಎಂಟು ತಿಂಗಳ ಹೆಣ್ಣುಮಗು ವಿನಿ ಎತ್ತರದ ಕುರ್ಚಿಯಲ್ಲಿ ಕೂತಿತ್ತು. ಗಲ್ಲ, ಎದೆ, ಕುರ್ಚಿಯ ಹಲಗೆ ಎಲ್ಲವೂ ಹಸಿರು. ಟೀಗನ್ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ ಹಿಡಿದಿದ್ದಳು.

"ನೋಡಿ ನೋಲಾ, ಎಷ್ಟು ಹಟ ಇವಳದು! ನೀವು ಕೊಟ್ಟ ಗಿಡದ್ದೇ ಕಾಯಿ, ಬೇಯಿಸಿ ನುಣ್ಣಗೆ ಮಾಡಿ ಕೊಟ್ರೆ ಒಂದು ಚಮಚನೂ ನುಂಗ್ತಿಲ್ಲ, ಎಲ್ಲ ಉಗೀತಾಳೆ. ಮೂಗು ಹಿಡಿದು ಹಾಕೋಣ ಅಂತಿದ್ದೆ..."

ನೋಲಾ ಆ ಬಟ್ಟಲನ್ನು ಕಿತ್ತುಕೊಂಡಳು. ಎಷ್ಟು ಜೋರಾಗಿ ಎಂದರೆ ಚಮಚ ಹಾರಿ ಗೋಡೆಗೆ ಬಡಿಯಿತು. ಮಗು ಬೆಚ್ಚಿ ಅಳತೊಡಗಿತು.

"ನೀನು ರುಚಿ ನೋಡಿದೆಯಾ?"

"ಇಲ್ಲ... ನನಗೆ ಜುಕಿನಿ ಸೇರಲ್ಲ. ಏನಾಯ್ತು? ಯಾಕೆ ಹೀಗೆ ಕಿತ್ಕೊಂಡ್ರಿ?"

ನೋಲಾ ಹೇಳಿದಳು. ಕ್ಲೆಮ್‌ನ ವಿಷಯ, ಬೀಜದ ವಿಷಯ, ತನ್ನ ನಾಲಿಗೆಯ ವಿಷಯ. ಟೀಗನ್ ಬಟ್ಟಲಿನಿಂದ ಸಾಸಿವೆಯಷ್ಟು ತೆಗೆದು ತುಟಿಗೆ ಮುಟ್ಟಿಸಿಕೊಂಡಳು. ಮುಖ ಕಿವುಚಿಕೊಂಡಿತು. ಮಗುವನ್ನು ಕುರ್ಚಿಯಿಂದ ಎಳೆದು ಎದೆಗವಚಿಕೊಂಡು, ಅದರ ಬಾಯಿ, ಗಲ್ಲ ಒರೆಸಿದಳು. "ನಾನು ಬಯ್ದೆ ಇವಳಿಗೆ" ಎಂದಳು. "ಉಗಿದಿದ್ದಕ್ಕೆ ಬಯ್ದುಬಿಟ್ಟೆ." ಆಸ್ಪತ್ರೆಗೆ ಫೋನು ಮಾಡಿದರು. ನುಂಗಿಲ್ಲವಾದರೆ ಹೆದರಬೇಡಿ, ಸಂಜೆಯವರೆಗೆ ಕಣ್ಣಿಟ್ಟಿರಿ ಎಂದರು. ನೋಲಾ ಹಿತ್ತಿಲಿಗೆ ಹೋಗಿ ಗಿಡವನ್ನು ಬೇರುಸಹಿತ ಕಿತ್ತು ಚೀಲಕ್ಕೆ ತುರುಕಿದಳು.

ನಾಲ್ಕು ಮನೆಗಳಲ್ಲಿ ಗಿಡ ಇನ್ನೂ ಕಾಯಿ ಬಿಟ್ಟಿರಲಿಲ್ಲ, ಇಲ್ಲವೇ ಬಿಟ್ಟ ಕಾಯಿ ಕಹಿ ಇರಲಿಲ್ಲ ಎಂದು ಮನೆಯವರು ಹೇಳಿದರು. ಆದರೂ ಒಂದನ್ನೂ ಬಿಡದೆ ಕಿತ್ತಳು. ಕೊನೆಯದು ಮೂಲೆಮನೆಯ ಗ್ವೆಂಡಾಳದು. ನೋಲಾ ಬಾಯಿ ತೆರೆಯುವ ಮೊದಲೇ ಅವಳ ಹಿತ್ತಿಲಿನ ಪಾತಿ ಖಾಲಿ ಇರುವುದು ಕಂಡಿತು.

"ಅದಾ? ಕಿತ್ತೆಸೆದು ವಾರ ಆಯ್ತು ಕಣೇ" ಎಂದಳು ಗ್ವೆಂಡಾ. "ಕಹಿ ಅಂದ್ರೆ ಕಹಿ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

"ವಾರ!" ನೋಲಾ ಕಿರುಚಿದಳು. "ಒಂದು ಮಾತು ಹೇಳಿದ್ದಿದ್ರೆ ಕ್ಲೆಮ್ ಇವತ್ತು ಮನೆಯಲ್ಲಿರ್ತಿದ್ದ!"

ವಿಷಯ ಕೇಳಿ ಗ್ವೆಂಡಾ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ನೆಲ ನೋಡುತ್ತಾ ಅಂದಳು: "ಹೇಗೆ ಹೇಳೋದು ನೋಲಾ? ಕ್ರಿಸ್ಮಸ್ಸಿಗೆ ನೀನು ಬೀದಿಗೆಲ್ಲ ಹಂಚಿದ ಕೇಕಿನಲ್ಲಿ ಸಕ್ಕರೆ ಇರಲಿಲ್ಲ, ಉಪ್ಪಿತ್ತು. ಎಲ್ರೂ ಚೆನ್ನಾಗಿದೆ ಅಂದ್ವಿ. ನಿನಗೆ ವಯಸ್ಸಾಯ್ತು, ಮರೆವು ಶುರುವಾಗಿದೆ ಅಂತ ನಮ್ಮ ನಮ್ಮಲ್ಲೇ ಮಾತಾಡ್ಕೊಂಡ್ವಿ."

ತಿಂಗಳುಗಟ್ಟಲೆ ಅವಳು ಬೀದಿಯಿಂದ ಒಂದನ್ನು ಬಚ್ಚಿಟ್ಟಿದ್ದಳು. ಬೀದಿ ಅವಳಿಂದ ಇನ್ನೊಂದನ್ನು. ಮನೆಗೆ ಬಂದು ತನ್ನ ಪಾತಿಯ ಎರಡು ಗಿಡಗಳನ್ನೂ, ಕ್ಲೆಮ್‌ನ ದೊಡ್ಡ ಗಿಡವನ್ನೂ ಕಿತ್ತಳು. ಎತ್ತಿಟ್ಟಿದ್ದ ಬೀಜಗಳನ್ನೆಲ್ಲ ಒಲೆಗೆ ಸುರಿದಳು. ಕಿಟಕಿಯ ಪರದೆ ಎಳೆದಳು. ಬಾಗಿಲು ತಟ್ಟಿದವರಿಗೆ ತೆರೆಯಲಿಲ್ಲ.

ಎರಡು ದಿನ ಕ್ಲೆಮ್ ಬದುಕುತ್ತಾನೋ ಇಲ್ಲವೋ ಎಂಬ ಸ್ಥಿತಿಯಲ್ಲಿದ್ದ. ಮೂರನೇ ದಿನ ರಕ್ತದೊತ್ತಡ ಏರಿತು. ಒಂಬತ್ತನೇ ದಿನ ಮನೆಗೆ ಬಂದ. ಮರುದಿನ ಬೆಳಿಗ್ಗೆ ಕೋಲೂರಿಕೊಂಡು ನೋಲಾಳ ಹಿಂಬಾಗಿಲಿಗೆ ಬಂದು, ತೆಗೆಯುವವರೆಗೆ ಬಡಿದ. ಅಂಗಿ ಅವನ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ನೋಲಾ ಅವನ ಮುಖ ನೋಡಲಾರದೆ ಕಾಲಿನ ಕಡೆ ನೋಡಿದಳು.

"ಅಷ್ಟು ಕಹಿ ಇತ್ತಲ್ಲ ಕ್ಲೆಮ್" ಎಂದಳು ಕಡೆಗೆ. "ಯಾಕೆ ಕುಡಿದೆ? ಎರಡು ದಿನ ಕುಡಿದೆಯಂತೆ, ಯಾಕೆ?"

ಕ್ಲೆಮ್ ಮೆಟ್ಟಿಲ ಮೇಲೆ ಕೂತ. "ನಗಬೇಡ. ಮನೆಯಲ್ಲಿ ಬೆಳೆದಿದ್ದು ಹೀಗೇ ಇರುತ್ತೆ ಅಂದ್ಕೊಂಡೆ. ಅಂಗಡಿಯದು ಸಪ್ಪೆ, ಇದು ಅಸಲಿ ಅಂತ. ನೀನು ಕೊಟ್ಟಿದ್ದು, ನಿನಗೆ ಗೊತ್ತಿಲ್ಲದೇ ಇರುತ್ತಾ? ನನ್ನ ಬಾಯಿಗೇ ಅಭ್ಯಾಸ ಇಲ್ಲ ಅಂತ ಉಪ್ಪು ಹಾಕ್ಕೊಂಡು ಕುಡಿದೆ."

ನೋಲಾ ನಗಲಿಲ್ಲ.

"ವಿಷ ಕೊಟ್ಟೆ ಅಂತ ನನಗೆ ಸಿಟ್ಟಿಲ್ಲ" ಕ್ಲೆಮ್ ಹೇಳಿದ. "ಅದು ಜೇನುನೊಣದ ಕೆಲಸ. ನಾಲಿಗೆ ಹೋಗಿದೆ ಅಂತ ಹೇಳ್ಲಿಲ್ವಲ್ಲ, ಅದಕ್ಕೆ ಸಿಟ್ಟಿದೆ. ದಿನಾ ಬೇಲಿ ಹತ್ರ ಮಾತಾಡ್ತಿದ್ವಿ. ಹವಾಮಾನ, ಟೊಮೆಟೊ, ಮೂಲೆಮನೆ ಬೆಕ್ಕು. ಇದೊಂದು ಬಿಟ್ಟು ಎಲ್ಲ ಹೇಳಿದೀಯ."

"ನಾಚಿಕೆ ಆಗ್ತಿತ್ತು."

"ನಾನೇನು ಪರೀಕ್ಷೆಗೆ ಬಂದಿದ್ನಾ ನಿನ್ನ ಅಡುಗೆಗೆ?" ಅವನು ಕೋಲಿನಿಂದ ಮೆಟ್ಟಿಲು ಕುಟ್ಟಿದ. "ಸರಿ. ನನ್ನ ಪಾತಿ ಖಾಲಿ ಬಿದ್ದಿದೆ. ಈಗ ಏನು ನೆಡ್ತಾರೆ?"

"ನನ್ನ ಕೇಳಬೇಡ. ನಾನಿನ್ನು ಯಾರಿಗೂ ಸಸಿ ಕೊಡಲ್ಲ."

"ಕೊಡಬೇಡ. ಪೇಟೆಯ ನರ್ಸರಿಯಿಂದ ನಾನೇ ತಂದಿದೀನಿ" ಎಂದು ಅವನು ಅಂಗಿಯ ಜೇಬಿನಿಂದ ಒದ್ದೆ ಪೇಪರಿನ ಸುರುಳಿಯೊಂದನ್ನು ತೆಗೆದ. ಒಳಗೆ ಹುಲ್ಲಿನೆಸಳಿನಷ್ಟು ತೆಳುವಾದ ಲೀಕ್ ಸಸಿಗಳ ಕಟ್ಟು, ಈರುಳ್ಳಿಯ ತಮ್ಮನಂಥದ್ದು. "ಬರೋ ದಾರಿಯಲ್ಲಿ ಗಾಡಿ ನಿಲ್ಸು ಅಂತ ಜನೀನ್ ಜೊತೆ ಜಗಳ ಆಡಿ ತಂದೆ. ನೆಡೋದು ಹೇಗೆ ಅಂತ ಗೊತ್ತಿಲ್ಲ, ಬಗ್ಗೋದಕ್ಕೂ ಆಗಲ್ಲ."

ನೋಲಾ ಒಳಗಿನಿಂದ ಉದ್ದ ಹಿಡಿಯ ಪೊರಕೆ ತಂದು, ಹಿಡಿ ಕೆಳಗೆ ಬರುವಂತೆ ತಿರುಗಿಸಿ ಅವನ ಕೈಗಿತ್ತಳು. "ನಿಂತುಕೊಂಡೇ ಇದರಿಂದ ತೂತು ಮಾಡ್ತಾ ಹೋಗು. ಗೇಣುದ್ದ ಆಳ. ನಾನು ಇಳಿಬಿಡ್ತೀನಿ. ಮಣ್ಣು ಮುಚ್ಚೋದು ಬೇಡ, ನೀರೇ ಎಳ್ಕೊಳ್ಳುತ್ತೆ."

ಬೇಲಿಯಾಚೆಯ ಖಾಲಿ ಪಾತಿಯಲ್ಲಿ ಅವನು ತೂತು ಮಾಡಿದ, ಇವಳು ಮಂಡಿಯೂರಿ ಒಂದೊಂದೇ ಸಸಿ ಇಳಿಬಿಟ್ಟಳು. ಸಾಲಿನ ನಡುವೆ ಒಮ್ಮೆ ಕೈ ನಿಲ್ಲಿಸಿ, ತಲೆಯೆತ್ತದೆ ಕೇಳಿದಳು:

"ಕ್ರಿಸ್ಮಸ್ ಕೇಕು ನೀನೂ ತಿಂದೆಯಾ?"

"ಎರಡು ತುಂಡು" ಎಂದ ಕ್ಲೆಮ್.

"ಅಯ್ಯೋ ದೇವರೇ" ಎಂದು ನೋಲಾ ಮಣ್ಣು ಮೆತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.